ಗುಂಡ್ಯ ಹೊಳೆಯ ಲೆಕ್ಕ

ನೆರೆ ಏರಿ ಕುಮಾರಧಾರೆಯೂ ನೇತ್ರಾವತಿಯೂ ಉಪ್ಪಿನಂಗಡಿಯ ಸಹಸ್ರಲಿಂಗೇಶ್ವರನ ಎದುರು ಕೂಡುವುದನ್ನು ನೋಡಲು ಓಡಿದವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಸಂಗಮದ ಮಹಿಮೆ ನಾನು ಹೇಳಬೇಕಾಗಿಲ್ಲ. ನನ್ನ ಮಾತೆಲ್ಲ ಅದಕ್ಕೂ ಮೇಲಿನ, ಘಟ್ಟದ ನಿತ್ಯಹಸಿರು ಕಾಡಿನದು. ಎತ್ತಿನಹೊಳೆ ಸಕಲೇಶಪುರದ ಕಡೆಯಿಂದ ಇಳಿದು ಗುಂಡ್ಯ ಹೊಳೆಗೆ ಸೇರುತ್ತದೆ, ಗುಂಡ್ಯ ಕುಮಾರಧಾರೆಗೆ. ಆ ನೀರನ್ನು ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ತಿರುಗಿಸುವ ಯೋಜನೆಯ ಕತೆ ನಿಮಗೆ ಗೊತ್ತು. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಉದ್ಘಾಟನೆಯೂ ಆಯಿತು. ನನ್ನ ತಕರಾರು ಒಂದೇ ಅಂಕಿಯ ಮೇಲೆ: ಅಲ್ಲಿಂದ ಸಿಗುತ್ತದೆ ಎಂದು ಯೋಜನೆ ಹೇಳುವ 24 ಟಿಎಂಸಿ.

ಹೈಸ್ಕೂಲಿನಲ್ಲಿ ನಮಗೆ ಭೂಗೋಳ ಕಲಿಸಿದ ಮಾಸ್ಟ್ರು ನೀರಿನ ಲೆಕ್ಕವನ್ನು ಗಾತ್ರದಲ್ಲಿ ನಿಲ್ಲಿಸಲು ಬಿಡುತ್ತಿರಲಿಲ್ಲ. ನೆಲದ ವಿಸ್ತೀರ್ಣದಿಂದ ಭಾಗಿಸಿ, ಎಷ್ಟು ಎತ್ತರ ನಿಲ್ಲುತ್ತದೆ ಹೇಳು ಎನ್ನುವರು. ಮಳೆಯನ್ನು ಅಳೆಯುವುದೂ ಎತ್ತರದಲ್ಲೇ ತಾನೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಶಾಲೆಯ ಮಳೆಮಾಪಕವನ್ನು ಅವರು ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಜಡಿಮಳೆಯಲ್ಲೂ ಬೆಳಿಗ್ಗೆ ಕೊಡೆ ಹಿಡಿದು ಅದರ ಮುಂದೆ ನಿಂತಿರುತ್ತಿದ್ದರು.

ಹಾಗೇ ಮಾಡೋಣ. ಎತ್ತಿನಹೊಳೆಯ ಜಲಾನಯನ ಸುಮಾರು 175 ಚದರ ಕಿಲೋಮೀಟರ್. 24 ಟಿಎಂಸಿಯನ್ನು ಅದರ ಮೇಲೆ ಹರಡಿದರೆ ಹೆಚ್ಚುಕಡಿಮೆ 3.9 ಮೀಟರ್ ನಿಲ್ಲುತ್ತದೆ. ಹನ್ನೆರಡು ಅಡಿಗೂ ಮೇಲೆ! ಅಲ್ಲಿ ವರ್ಷಕ್ಕೆ ಬೀಳುವ ಮಳೆಯೇ ಮೂರರಿಂದ ನಾಲ್ಕೂವರೆ ಮೀಟರ್. ಅಂದರೆ ಬಿದ್ದ ಮಳೆ ಹೆಚ್ಚುಕಡಿಮೆ ಎಲ್ಲವೂ ಹೊಳೆಗಿಳಿಯಬೇಕು, ಹೊಳೆಗಿಳಿದದ್ದೆಲ್ಲ ಪೈಪಿಗೆ ಹತ್ತಬೇಕು. ಕಾಡು ಅದಕ್ಕೆ ಒಪ್ಪುವುದಿಲ್ಲ. ಎಲೆಯ ಮೇಲೆ ನಿಂತ ನೀರು ಅಲ್ಲೇ ಆರಿ ಆವಿಯಾಗುತ್ತದೆ. ಬೇರು ಎಳೆದುಕೊಳ್ಳುತ್ತದೆ. ತರಗೆಲೆಯಡಿಯ ಮಣ್ಣು ತನ್ನ ಪಾಲು ಹೀರಿ, ಮಳೆ ನಿಂತು ತಿಂಗಳುಗಳಾದ ಮೇಲೆ ಒರತೆಯಾಗಿ ಬಿಡುತ್ತದೆ. ಮಾರ್ಚಿನಲ್ಲಿ ಗುಂಡ್ಯ ಹರಿಯುವುದು ಅದರಿಂದಲೇ. ಈ ಹೊಳೆಯ ನೀರನ್ನು ಸಮುದ್ರಕ್ಕೆ ಹೋಗಿ ಹಾಳಾಗುವ ನೀರು ಎಂದು ಕರೆಯುವಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ಸಿಗುವ ನೀರು 9.55 ಟಿಎಂಸಿ ಎಂದಿತು. ನನ್ನ ಮನಸ್ಸು ಅದರ ಕಡೆಗೇ ವಾಲುತ್ತದೆ. ಆದರೆ ಮಾಸ್ಟ್ರು ಇದ್ದಿದ್ದರೆ ಇದನ್ನೂ ಭಾಗಿಸು ಎನ್ನುತ್ತಿದ್ದರು. ಭಾಗಿಸಿದರೆ ಬರುವುದು ಒಂದೂವರೆ ಮೀಟರ್. ನಾಲ್ಕು ಮೀಟರ್ ಮಳೆಯಾದ ವರ್ಷ ಉಳಿದ ಎರಡೂವರೆ ಎಲ್ಲಿ ಹೋಯಿತು? ಅಷ್ಟನ್ನೂ ಕಾಡು ಕುಡಿಯುತ್ತದೆಯೇ? ನಾನು ನಂಬಿದ ಅಂಕಿಯೂ ಕಾಡಿನ ಮೇಲಿನ ಮೋಹದಿಂದ ನಂಬಿದ್ದಿರಬಹುದೇ?

ಇನ್ನು ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಫ್ಲೋರೈಡ್ ಬೆರೆತ ಕೊಳವೆಬಾವಿ ನೀರು ಕುಡಿದ ಜನ. ಅವರ ಬಾಯಾರಿಕೆಯಲ್ಲಿ ಸುಳ್ಳಿಲ್ಲ. ಗುಂಡ್ಯಕ್ಕೆ ಎಷ್ಟು ಉಳಿಸಿದ ಮೇಲೆ ಅವರಿಗೆ ಎಷ್ಟು ಕೊಡಬಹುದು? ಉಳಿಯುವುದು ಎರಡೇ ಟಿಎಂಸಿ ಎಂದು ಲೆಕ್ಕ ಹೇಳಿದರೆ, ಅದನ್ನು ಕೊಡಿ ಎನ್ನುತ್ತೇನೆಯೇ, ಬೇಡ ಎನ್ನುತ್ತೇನೆಯೇ?