ತೊಟ್ಟಿಲು, ಹರಿಗೋಲು ಮತ್ತು ನಡುವಯಸ್ಸು

ತೂಗುವುದರಲ್ಲಿ, ತಿರುಗುವುದರಲ್ಲಿ ಮನುಷ್ಯನಿಗೆ ಹುಟ್ಟಿನಿಂದಲೇ ಒಂದು ಆಸೆ. ಅಳುವ ಕೂಸು ತೊಟ್ಟಿಲು ತೂಗಿದರೆ ಸುಮ್ಮನಾಗುತ್ತದೆ. ನಡೆಯಲು ಕಲಿತ ಮಗು ಪಡಸಾಲೆಯ ಕಂಬ ಹಿಡಿದು ಗಿರಗಿರನೆ ಸುತ್ತುತ್ತದೆ. ಬೀಳುತ್ತದೆ, ನಗುತ್ತದೆ, ಎದ್ದು ಮತ್ತೆ ಸುತ್ತುತ್ತದೆ. ನಾಗರ ಪಂಚಮಿ ಬಂದರೆ ನಮ್ಮ ಕಡೆ ಮರದ ಕೊಂಬೆಗೆ ಜೋಕಾಲಿಯ ಹಗ್ಗ ಬೀಳುತ್ತದೆ. ತವರಿಗೆ ಬಂದ ಹೆಣ್ಣುಮಕ್ಕಳು ಮುಗಿಲಿಗೆ ಕಾಲು ತಾಗುವಂತೆ ಜೀಕುತ್ತಾರೆ. ಜಾತ್ರೆ ಬಂದರೆ ದೊಡ್ಡ ತೊಟ್ಟಿಲು ಬಂತೆಂದೇ ಅರ್ಥ. ಪೇಟೆಯವರು ಅದನ್ನು ಜೈಂಟ್ ವೀಲ್ ಎನ್ನುತ್ತಾರೆ. ಹಳ್ಳಿಯವರು ತೊಟ್ಟಿಲು ಎನ್ನುತ್ತಾರೆ. ಹಳ್ಳಿಯವರ ಮಾತೇ ಹೆಚ್ಚು ಸರಿ. ಎಷ್ಟು ದೊಡ್ಡವರಾದರೂ ನಾವು ಏರುವುದು ತೊಟ್ಟಿಲನ್ನೇ.

ಆದರೆ ನಲವತ್ತು ಐವತ್ತು ದಾಟಿದ ಮೇಲೆ ಈ ಆಸೆಗೆ ಒಂದು ವಿಘ್ನ ಬರುತ್ತದೆ. ಮಗನನ್ನೋ ಮೊಮ್ಮಗಳನ್ನೋ ಕರೆದುಕೊಂಡು ನೀವು ತೊಟ್ಟಿಲು ಏರುತ್ತೀರಿ. ಮೊದಲ ಸುತ್ತು ಸೊಗಸಾಗಿರುತ್ತದೆ. ಮೂರನೆಯ ಸುತ್ತಿಗೆ ಹಣೆಯ ಮೇಲೆ ತಣ್ಣನೆಯ ಬೆವರು, ಬಾಯಲ್ಲಿ ನೀರು, ಹೊಟ್ಟೆಯಲ್ಲಿ ತೊಳಸು. ಇಳಿದು ಬಂದರೂ ನೆಲ ನಿಲ್ಲದು. ಇಪ್ಪತ್ತು ವರ್ಷದ ಹಿಂದೆ ಇದೇ ತೊಟ್ಟಿಲಲ್ಲಿ ಕುಳಿತು ಮಂಡಕ್ಕಿ ತಿಂದವರಲ್ಲವೆ ನೀವು? ಮುಂದಿನ ಜಾತ್ರೆಗೆ ನಿಮಗೆ ಬೇರೊಂದು ಹುದ್ದೆ ದೊರೆಯುತ್ತದೆ. ಎಲ್ಲರ ಚಪ್ಪಲಿ, ಚೀಲ, ನೀರಿನ ಬಾಟಲಿ ಕಾಯುತ್ತ ಕೆಳಗೆ ನಿಲ್ಲುವ ಹುದ್ದೆ. ಅದರ ಮುಂದಿನ ಜಾತ್ರೆಗೆ, ನೀವು ಹೋಗಿ ಬನ್ನಿ, ನಾನು ಮನೆಯಲ್ಲಿರುತ್ತೇನೆ ಎನ್ನುತ್ತೀರಿ. ತಲೆ ತಿರುಗುವುದು ಸಣ್ಣ ಕಷ್ಟವೇ ಸರಿ. ಅದರ ಹೆದರಿಕೆಗೆ ಮನೆಯವರ ಸಂಗಡ ಹೊರಡುವುದನ್ನೇ ಬಿಡುವುದು ಸಣ್ಣ ನಷ್ಟವಲ್ಲ. ಇಂದು ನಿಮ್ಮೊಡನೆ ಆಡಬೇಕೆಂದಿರುವ ಮಾತು ಇದೇ.

ಈ ಕಷ್ಟ ಹೊಸದಲ್ಲ ಎಂಬುದಕ್ಕೆ ಎರಡು ಹಳೆಯ ಸಾಕ್ಷಿಗಳನ್ನು ಕೊಡುತ್ತೇನೆ. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗುಂದಿಗೆ ದಾಟಿಸುವ ಹರಿಗೋಲುಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ನೆಟ್ಟಗೆ ಹೋಗಲಾರದೆ ಸದಾ ಸುತ್ತುತ್ತಲೇ ಇರುತ್ತವೆ ಎಂಬುದು ಅವನ ವರ್ಣನೆಯ ಸಾರ. ತೊಗಲಿನ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ. ಸುತ್ತುವ ಗುಣ ಮಾತ್ರ ಹಾಗೆಯೇ ಉಳಿದಿದೆ. ದುಂಡನೆಯ ತಳಕ್ಕೆ ಮೂತಿಯಿಲ್ಲ, ಬಾಲವಿಲ್ಲ. ಒಂದು ಕಡೆ ಹುಟ್ಟು ಹಾಕಿದರೆ ಅದು ತಿರುಗಲೇಬೇಕು.

ಎರಡನೆಯ ಸಾಕ್ಷಿ ಇಟಲಿಯ ಪಿಯೆತ್ರೊ ದೆಲ್ಲಾ ವಲ್ಲೆ. ೧೬೨೩ರಲ್ಲಿ ನಮ್ಮ ಇಕ್ಕೇರಿಗೂ ಬಂದು ಹೋದ ಪ್ರವಾಸಿ ಈತ. ಅದಕ್ಕೂ ಮೊದಲು, ೧೬೧೫ರ ಸುಮಾರಿಗೆ, ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ರಂಜಾನ್ ಹಬ್ಬದ ಸಡಗರದ ನಡುವೆ ಒಂದು ದೊಡ್ಡ ತಿರುಗುವ ಚಕ್ರವನ್ನು ಏರಿದ. ಅವನಿಗೆ ಬಲು ಖುಷಿಯಾಯಿತು. ಪಕ್ಕದಲ್ಲಿ ಕುಳಿತ ಗ್ರೀಕನಿಗೆ ಮಾತ್ರ ತಡೆಯಲಾಗದೆ, ಸಾಕು ಸಾಕು ಎಂದು ಕೂಗಿಕೊಂಡನಂತೆ. ಒಂದೇ ಚಕ್ರ, ಒಂದೇ ವೇಗ. ಒಬ್ಬನಿಗೆ ಆನಂದ, ಇನ್ನೊಬ್ಬನಿಗೆ ಸಂಕಟ. ವ್ಯತ್ಯಾಸ ಇದ್ದದ್ದು ಚಕ್ರದಲ್ಲಲ್ಲ, ಅವರವರ ಕಿವಿಯಲ್ಲಿ.

ಕಿವಿಯಲ್ಲಿ ಎಂದರೆ ಆಶ್ಚರ್ಯಪಡಬೇಡಿ. ನಮ್ಮ ಮನೆಗಳಲ್ಲಿ ಇದನ್ನು ಪಿತ್ತವೆನ್ನುತ್ತಾರೆ, ದೃಷ್ಟಿಯೆನ್ನುತ್ತಾರೆ, ಅಶಕ್ತಿಯೆನ್ನುತ್ತಾರೆ. ಮೂಲವಿರುವುದು ಒಳಗಿವಿಯಲ್ಲಿ. ಅಲ್ಲಿ ಮೂರು ಸಣ್ಣ ಬಾಗಿದ ನಾಳಗಳಿವೆ, ಅವುಗಳೊಳಗೆ ದ್ರವವಿದೆ. ತಲೆ ಯಾವ ಕಡೆಗೆ ತಿರುಗಿತೆಂಬ ಸುದ್ದಿಯನ್ನು ಆ ದ್ರವ ಮಿದುಳಿಗೆ ಮುಟ್ಟಿಸುತ್ತದೆ. ಪಕ್ಕದ ಎರಡು ಚೀಲಗಳಲ್ಲಿ ಸುಣ್ಣದ ಅತಿ ಸಣ್ಣ ಹರಳುಗಳಿವೆ. ಮೇಲೆ ಹೋದೆವೊ ಕೆಳಗೆ ಬಂದೆವೊ, ವಾಲಿದೆವೊ ಎಂಬುದನ್ನು ತಿಳಿಸುವುದು ಅವುಗಳ ಕೆಲಸ. ಈ ಅಂಗದ ವ್ಯವಹಾರವನ್ನು ಬಿಡಿಸಿ ತೋರಿಸಿದ್ದಕ್ಕಾಗಿ ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿಗೆ ೧೯೧೪ನೆಯ ಸಾಲಿನ ನೊಬೆಲ್ ಬಹುಮಾನ ಬಂತು.

ನಿಮ್ಮ ಮನೆಯ ತಂಬಿಗೆಯಲ್ಲಿಯೇ ಇದನ್ನು ನೋಡಬಹುದು. ತಂಬಿಗೆಯಲ್ಲಿ ಅರ್ಧ ನೀರು ತುಂಬಿ ಒಂದು ಚಿಟಿಕೆ ಅರಿಸಿನ ಉದುರಿಸಿ, ತಂಬಿಗೆಯನ್ನು ಗಿರ್ರನೆ ತಿರುಗಿಸಿರಿ. ಮೊದಲು ತಂಬಿಗೆ ತಿರುಗುತ್ತದೆ, ನೀರು ಹಿಂದುಳಿಯುತ್ತದೆ. ತಂಬಿಗೆ ನಿಲ್ಲಿಸಿದ ಮೇಲೂ ನೀರು ಸ್ವಲ್ಪ ಹೊತ್ತು ಸುತ್ತುತ್ತದೆ. ತೊಟ್ಟಿಲು ಇಳಿದ ಮೇಲೆ ನಿಮ್ಮ ಕಿವಿಯಲ್ಲಿ ನಡೆಯುವುದೂ ಇದೇ. ನಿಂತಿದ್ದೇನೆ ಎಂದು ಕಣ್ಣು ಹೇಳುತ್ತದೆ, ಅಂಗಾಲು ಹೇಳುತ್ತದೆ; ಇನ್ನೂ ತಿರುಗುತ್ತಿದ್ದೇನೆ ಎಂದು ಕಿವಿ ಹಟ ಹಿಡಿಯುತ್ತದೆ. ಬಸ್ಸಿನಲ್ಲಿ ಮೊಬೈಲು ನೋಡುತ್ತ ಕುಳಿತಾಗ ಇದರ ತಿರುಗುಮುರುಗು: ಕಣ್ಣಿಗೆ ಎಲ್ಲವೂ ಸ್ಥಿರ, ಕಿವಿಗೆ ಎಲ್ಲವೂ ಕುಲುಕು. ಸಾಕ್ಷಿಗಳು ಹೀಗೆ ಒಬ್ಬರಿಗೊಬ್ಬರು ವಿರುದ್ಧವಾಗಿ ನುಡಿದಾಗ ಮಿದುಳೆಂಬ ನ್ಯಾಯಾಧೀಶ ಕಂಗಾಲಾಗುತ್ತಾನೆ. ದಂಡ ತೆರುವುದು ಹೊಟ್ಟೆ.

ಇಲ್ಲೊಂದು ವಿಚಿತ್ರವುಂಟು. ಎರಡು ವರ್ಷದೊಳಗಿನ ಕೂಸುಗಳಿಗೆ ಪ್ರಯಾಣದ ವಾಂತಿ ಅಪರೂಪ. ಆರೇಳರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಅದು ಹೆಚ್ಚು. ಅಲ್ಲಿಂದ ಮುಂದೆ ಬಹಳ ಜನರಲ್ಲಿ ಇಳಿಮುಖವಾಗುತ್ತದೆ. ಹಾಗಿದ್ದರೆ ನಡುವಯಸ್ಸಿನಲ್ಲಿ ಅನೇಕರಿಗೆ ತಿರುಗುವ ಆಟ ಏಕೆ ಒಗ್ಗದಂತಾಗುತ್ತದೆ?

ಮುಖ್ಯವಾದ ಒಂದು ಕಾರಣ, ರೂಢಿ ತಪ್ಪುವುದು. ಹುಡುಗ ದಿನವೂ ಮರ ಹತ್ತುತ್ತಾನೆ, ಲಾಗ ಹಾಕುತ್ತಾನೆ, ಜೋಕಾಲಿ ಜೀಕುತ್ತಾನೆ. ಅವನ ಮಿದುಳು ಈ ಗೊಂದಲಕ್ಕೆ ಪಳಗಿರುತ್ತದೆ. ನಾವು ವರ್ಷವಿಡೀ ಕುರ್ಚಿಯಲ್ಲಿ ಕುಳಿತಿದ್ದು ಒಂದು ದಿನ ಏಕಾಏಕಿ ತೊಟ್ಟಿಲು ಏರುತ್ತೇವೆ. ಇದಲ್ಲದೆ, ವಯಸ್ಸಾದಂತೆ ಒಳಗಿವಿಯ ಸೂಕ್ಷ್ಮ ಕೋಶಗಳೂ ನರದ ಎಳೆಗಳೂ ಕಡಿಮೆಯಾಗುತ್ತವೆ. ಸುದ್ದಿ ಮೊದಲಿನಷ್ಟು ಸ್ಪಷ್ಟವಾಗಿ ಬರುವುದಿಲ್ಲ. ಅರೆತಲೆನೋವಿರುವವರಿಗೆ ಇದು ಬೇಗ ತಗಲುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಮುಟ್ಟು ನಿಲ್ಲುವ ಕಾಲದಲ್ಲಿ ಕೆಲವರಿಗೆ ಇನ್ನಷ್ಟು ಹೆಚ್ಚುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆಗಳಿಂದಲೂ ತಲೆ ಹಗುರವಾದಂತೆ ಆಗುವುದುಂಟು. ಇದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಕಣ್ಣಿಗೆ ಚಾಳೀಸು ಬಂತೆಂದು ಯಾರಾದರೂ ನಾಚುತ್ತಾರೆಯೆ? ಕನ್ನಡಕ ಹಾಕಿಕೊಂಡು ಪತ್ರಿಕೆ ಓದುತ್ತಾರೆ. ಇಲ್ಲಿಯೂ ಹಾಗೆಯೇ ಒಂದು ಏರ್ಪಾಡು ಮಾಡಿಕೊಂಡರೆ ತೀರಿತು.

ಮೊದಲನೆಯ ಏರ್ಪಾಡು, ಆಟವನ್ನು ಆರಿಸಿಕೊಳ್ಳುವುದು. ಜಾತ್ರೆಯ ಆಟಗಳೆಲ್ಲ ಒಂದೇ ಅಲ್ಲ. ಒಂದು ಕಡೆಗೆ ನಿಧಾನವಾಗಿ ಸಾಗುವುದು ಹಗುರ. ಸುತ್ತುತ್ತ ಸುತ್ತುತ್ತ ಏರಿಳಿಯುವುದು ಬಲು ಭಾರ. ಕೊಲಂಬಸ್ ಎಂದು ಕರೆಯುವ ತೂಗುವ ಹಡಗಿನ ತುದಿಯಲ್ಲಿ ಕುಳಿತವನ ಪಾಡು ಬೇರೆ, ನಡುವೆ ಕುಳಿತವನ ಪಾಡು ಬೇರೆ. ನಡುವೆ ಉಯ್ಯಲು ಕಡಿಮೆ. ಚಕ್ರ ದೊಡ್ಡದಾದಷ್ಟೂ ಭಯವೆಂದು ತಿಳಿಯಬೇಡಿ. ೧೮೯೩ರಲ್ಲಿ ಶಿಕಾಗೋ ನಗರದ ಪ್ರದರ್ಶನದಲ್ಲಿ ಜಾರ್ಜ್ ಫೆರಿಸ್ ನಿಲ್ಲಿಸಿದ ಚಕ್ರ ೮೦ ಮೀಟರ್ ಎತ್ತರದ್ದು, ೩೬ ಪೆಟ್ಟಿಗೆಗಳದ್ದು. ಅದು ತಿರುಗುತ್ತಿದ್ದುದು ಮಂದಗತಿಯಲ್ಲಿ. ತಲೆ ಸುತ್ತಿಸುವುದು ಎತ್ತರಕ್ಕಿಂತ ಹೆಚ್ಚಾಗಿ ವೇಗದ ತಿರುವು. ೨೦೦೫ರಲ್ಲಿ ಬಿಡದಿಯ ಬಳಿ ತೆರೆದ ವಂಡರ್‌ಲಾದಂಥ ಉದ್ಯಾನಗಳಿಗೆ ಮಕ್ಕಳು ನಿಮ್ಮನ್ನು ಎಳೆದುಕೊಂಡು ಹೋದಾಗಲೂ ಇದೇ ಸೂತ್ರ ನೆನಪಿರಲಿ. ಏರುವ ಮೊದಲು ಒಂದು ಸರತಿ ಪೂರ್ತಿ ಕೆಳಗೆ ನಿಂತು ನೋಡಿ. ಒಂದು ಆಟ ಮುಗಿದ ಮೇಲೆ ಅರ್ಧ ಗಂಟೆ ನೆರಳಲ್ಲಿ ಕುಳಿತು ಆಮೇಲೆ ಇನ್ನೊಂದು.

ಎರಡನೆಯದು, ಕಣ್ಣಿಗೂ ಕಿವಿಗೂ ರಾಜಿ ಮಾಡಿಸುವುದು. ನಮ್ಮ ಹರಿಗೋಲಿನಲ್ಲಿ ಇದು ಸುಲಭ. ಕೋದಂಡರಾಮನ ಗುಡಿಯ ಮುಂದೆ, ತುಂಗಭದ್ರೆ ಬಳಸಿ ಹರಿಯುವ ಚಕ್ರತೀರ್ಥದಲ್ಲಿಯೊ ಸಾಣಾಪುರದ ಕೆರೆಯಲ್ಲಿಯೊ ಹರಿಗೋಲು ಹತ್ತಿದರೆ, ಬಂದವರು ಖುಷಿಪಡಲೆಂದು ಅಂಬಿಗರು ಅದನ್ನು ಬೇಕೆಂದೇ ಗಿರಗಿರನೆ ತಿರುಗಿಸುತ್ತಾರೆ. ಕುಳಿತ ಕೂಡಲೇ ಹೇಳಿಬಿಡಿ: “ತಮ್ಮಾ, ತಿರುಗಿಸಬ್ಯಾಡಪ್ಪ, ಮೆಲ್ಲಕ ಸೀದಾ ಹೋಗು.” “ಆಗ್ಲಿ ಯಜಮಾನ್ರ, ನೀವು ಆರಾಮ ಕುಂದರ್ರಿ” ಎನ್ನುತ್ತಾನೆ, ಅವನಿಗೂ ತೋಳಿನ ಶ್ರಮ ಉಳಿಯಿತು. ಹರಿಗೋಲಿನೊಳಗಿನ ಬೆತ್ತವನ್ನೂ ಪಕ್ಕದ ಸುಳಿಯನ್ನೂ ನೋಡಬೇಡಿ. ದೂರದ ಅಂಜನಾದ್ರಿಯನ್ನೊ ಮಾತಂಗ ಬೆಟ್ಟವನ್ನೊ ನೋಡಿ. ಆ ಬಂಡೆಗಳು ಅಲುಗುವುದಿಲ್ಲ. ಅಲುಗದ ಒಂದು ಗುರುತು ಸಿಕ್ಕರೆ ಮಿದುಳು ಸಮಾಧಾನಗೊಳ್ಳುತ್ತದೆ. ಕತ್ತನ್ನು ಅತ್ತಿತ್ತ ಹೊರಳಿಸದೆ ನೆಟ್ಟಗಿಡಿ. ಸುತ್ತುವಾಗ ಬಗ್ಗಿ ಚಪ್ಪಲಿ ಹುಡುಕುವುದಕ್ಕಿಂತ ಕೆಟ್ಟದ್ದಿಲ್ಲ. ತೇಲು ಅಂಗಿ ಇಲ್ಲದೆ ಹತ್ತಬೇಡಿ. ಅಣೆಕಟ್ಟಿನಿಂದ ಹೊಳೆಗೆ ಹೆಚ್ಚು ನೀರು ಬಿಟ್ಟ ದಿನ ಆ ಆಸೆಯನ್ನೇ ಬಿಡಿ.

ರಸ್ತೆಗೂ ಇದೇ ಮಾತು. ಕಂಪ್ಲಿ ಕಡೆಯ ಗದ್ದೆಬಯಲಿನ ದಾರಿ ಯಾರನ್ನೂ ಅಷ್ಟಾಗಿ ಕಾಡದು. ಸಂಡೂರಿನಿಂದ ಕುಮಾರಸ್ವಾಮಿಯ ಗುಡಿಗೆ ಬೆಟ್ಟ ಹತ್ತುವಾಗ ತಿರುವು ತಿರುವಿಗೂ ಹೊಟ್ಟೆ ಕೇಳುತ್ತದೆ. ಮುಂದಿನ ಆಸನದಲ್ಲಿ ಕುಳಿತು ಮುಂದಿನ ದಾರಿಯನ್ನೇ ನೋಡಿ, ಕಿಟಕಿ ತೆರೆದಿಡಿ, ಓದಬೇಡಿ. ವಾಹನ ನಡೆಸುವವನಿಗೆ ವಾಂತಿ ಬರುವುದು ಅಪರೂಪ. ಮುಂದಿನ ತಿರುವು ಅವನಿಗೆ ಮೊದಲೇ ಗೊತ್ತಿರುತ್ತದೆ.

ಮೂರನೆಯದು, ಹೊಟ್ಟೆಯ ವಿಚಾರ. ಖಾಲಿ ಹೊಟ್ಟೆ ಬೇಡ, ಮಿರ್ಚಿ ಬಜಿ ತುಂಬಿದ ಹೊಟ್ಟೆಯೂ ಬೇಡ. ಎರಡು ಇಡ್ಲಿ ಸಾಕು. ಶುಂಠಿ ಕೆಲವರಿಗೆ ನಿಜವಾಗಿಯೂ ಹಿತ ಕೊಡುತ್ತದೆ. ಔಷಧದ ಅಂಗಡಿಯಲ್ಲಿ ದೊರೆಯುವ ಮಾತ್ರೆಗಳನ್ನು ಹೊರಡುವ ಅರ್ಧ ಗಂಟೆ, ಒಂದು ಗಂಟೆ ಮೊದಲು ತೆಗೆದುಕೊಂಡರಷ್ಟೆ ಫಲ. ವಾಂತಿ ಶುರುವಾದ ಮೇಲೆ ನುಂಗಿದರೆ ಅವು ಹೊರಗೇ ಬರುತ್ತವೆ. ಅವುಗಳಿಂದ ನಿದ್ದೆ ಬರುತ್ತದೆ. ವಾಹನ ನಡೆಸುವವರು ಮುಟ್ಟಬಾರದು. ಕಣ್ಣಿನ ಒತ್ತಡದ ಕಾಯಿಲೆಯುಳ್ಳವರು, ಮೂತ್ರ ಕಟ್ಟುವ ತೊಂದರೆಯುಳ್ಳ ಹಿರಿಯರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು.

ನಾಲ್ಕನೆಯದು, ರೂಢಿ. ತಪ್ಪಿದ ರೂಢಿಯನ್ನು ಮತ್ತೆ ಸ್ವಲ್ಪಮಟ್ಟಿಗೆ ಹಿಡಿಯಬಹುದು. ಮನೆಯ ಜೋಕಾಲಿಯಲ್ಲಿ ದಿನವೂ ಐದು ನಿಮಿಷ ಮೆಲ್ಲಗೆ ತೂಗಿಕೊಳ್ಳಿ. ಹೊಟ್ಟೆ ತೊಳಸುವ ಮೊದಲೇ ಇಳಿಯಿರಿ. ಸಹಿಸಿಕೊಂಡು ಕುಳಿತರೆ ರೂಢಿ ಬೆಳೆಯುವುದಿಲ್ಲ, ಹೆದರಿಕೆ ಬೆಳೆಯುತ್ತದೆ.

ಇಷ್ಟಾದರೂ, ಎಲ್ಲ ತಲೆಸುತ್ತೂ ತೊಟ್ಟಿಲಿನದೆಂದು ತಿಳಿಯಬಾರದು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೋಣೆಯೇ ಸುತ್ತಿ, ಒಂದು ನಿಮಿಷದೊಳಗೆ ನಿಲ್ಲುತ್ತಿದ್ದರೆ, ಆಗ ಹೇಳಿದ ಸುಣ್ಣದ ಹರಳುಗಳು ಜಾಗ ತಪ್ಪಿ ನಾಳದೊಳಗೆ ಹೊಕ್ಕಿರಬಹುದು. ಕಿವಿಯ ಡಾಕ್ಟರು ತಲೆಯನ್ನು ಕ್ರಮವಾಗಿ ಹೊರಳಿಸಿ ಅವನ್ನು ಸ್ವಸ್ಥಾನಕ್ಕೆ ಸೇರಿಸುವುದುಂಟು. ಎಷ್ಟೋ ಸಲ ಮಾತ್ರೆಯೂ ಬೇಕಾಗುವುದಿಲ್ಲ. ತಲೆಸುತ್ತಿನ ಜೊತೆಗೆ ಮಾತು ತೊದಲಿದರೆ, ಒಂದು ಕೈ ಸೋತರೆ, ಒಂದು ವಸ್ತು ಎರಡಾಗಿ ಕಂಡರೆ, ಎದೆ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹೃದಯದ ತೊಂದರೆ, ಕತ್ತಿನ ನೋವು, ಈಚೆಗೆ ಆದ ಕಣ್ಣಿನ ಶಸ್ತ್ರಕ್ರಿಯೆ ಇರುವವರಿಗೆ ವೇಗದ ಆಟಗಳು ಬೇಡವೇ ಬೇಡ. ಆಟ ಇಳಿದ ಕೂಡಲೇ ನಡೆಯತೊಡಗಬೇಡಿ. ಕಂಬಿ ಹಿಡಿದು ಒಂದು ನಿಮಿಷ ನಿಲ್ಲಿ. ಹಿರಿಯರಿಗೆ ವಾಂತಿಗಿಂತ ಬೀಳುವುದು ಅಪಾಯ. ಸೊಂಟದ ಮೂಳೆ ಮುರಿದರೆ ವರ್ಷದ ನಡಿಗೆ ಹೋಯಿತು.

ಕೊನೆಗೆ ಮನೆಯ ಕಿರಿಯರಿಗೆ ಒಂದು ಮಾತು. “ಅಜ್ಜಾ, ಏನಾಗೋದಿಲ್ಲ ಬಾ” ಎಂದು ಎಳೆಯಬೇಡಿ. “ಅಜ್ಜಿಗೆ ಆಗೋದಿಲ್ಲ, ಬಿಡ್ರಿ” ಎಂದು ಬಿಟ್ಟುಹೋಗಲೂ ಬೇಡಿ. ಯಾವುದು ಆಗುತ್ತದೆಂದು ಅವರನ್ನೇ ಕೇಳಿ. ಚೀಲ ಕಾಯುವ ಕೆಲಸವನ್ನು ಸರದಿಯ ಮೇಲೆ ಹಂಚಿಕೊಳ್ಳಿ. ತಿರುಗದ ಹರಿಗೋಲಿನಲ್ಲಿ ಅವರ ಪಕ್ಕ ಕುಳಿತುಕೊಳ್ಳಿ. ಹಿಂದೆ ಯಾವ ಕಡವಿನಲ್ಲಿ ಎತ್ತು ಈಜಿಸುತ್ತಿದ್ದರು, ಯಾವ ಬಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದರು ಎಂಬುದೆಲ್ಲ ಆಗ ತಾನಾಗಿಯೇ ಹೊರಬರುತ್ತದೆ. ಹಿರಿಯರಿಗೂ ಇಷ್ಟೇ ಹೇಳುವುದು: ಒಗ್ಗದ್ದನ್ನು ಬಿಡಿ, ಹೊರಡುವುದನ್ನು ಬಿಡಬೇಡಿ. ಹೊಳೆ, ಗುಡ್ಡ, ತೇರು, ಮಕ್ಕಳ ನಗು ಇವು ಯಾರನ್ನೂ ತಲೆ ಸುತ್ತಿಸಿದ್ದಿಲ್ಲ.