ಹಳೇ ಟ್ರ್ಯಾಕ್ಟರಿಗೆ ಯಾವ ಆಯಿಲ್?
(ರೈತರ ಸಭೆಯಲ್ಲಿ ಮಾಡಿದ ಭಾಷಣ)

ಬೆಳೆಯ ಬೆಲೆ ನಮ್ಮ ಕೈಲಿಲ್ಲ, ನಿಜ. ಆದರೆ ಸಾಲದ ಒಂದು ಬೇರು ನಿಮ್ಮ ಎಂಜಿನ್ನಿನಲ್ಲೂ ಇದೆ. ಡ್ರಮ್ಮಿನಿಂದ ಅಳೆದು ಕೊಡುವ ಲೂಸ್ ಆಯಿಲ್ ಅಗ್ಗ ಅಂತ ತರ್ತೀರಿ. ಅದು ಯಾವುದೋ ಲಾರಿಯಿಂದ ಇಳಿಸಿ ಸೋಸಿದ್ದೂ ಆಗಿರಬಹುದು! ಬೇರಿಂಗ್ ಸವೆದು ಎಂಜಿನ್ ಸೀಜ್ ಆದರೆ ಗ್ಯಾರೇಜಿನ ಬಿಲ್ಲಿಗೆ ಮತ್ತೆ ಬಡ್ಡಿಸಾಲ.

ಡಬ್ಬಿಯ ಮೇಲಿನ ಗುರುತು ನೋಡಿ. ಸಿಎಫ್-4, ಸಿಐ-4 ಹೀಗೆ 'ಸಿ'ಯಿಂದ ಶುರುವಾದರೆ ಅದು ಡೀಸೆಲ್ ಎಂಜಿನ್ನಿನದು. 15ಡಬ್ಲ್ಯೂ-40, 20ಡಬ್ಲ್ಯೂ-40 ಅನ್ನೋದು ದಪ್ಪದ ಲೆಕ್ಕ. ನಿಮ್ಮ ಗಾಡಿಗೆ ಯಾವುದು ಅಂತ ಕಂಪನಿಯ ಪುಸ್ತಕ ಓದಿಸಿ ತಿಳಿಯಿರಿ. ಒಳ್ಳೆ ಆಯಿಲಿನಲ್ಲಿ ಮಸಿ ತೊಳೆಯುವ ಮದ್ದು ಬೆರೆತಿರುತ್ತೆ. ಹಾಕಿದ ಕೆಲವೇ ದಿನದಲ್ಲಿ ಕಪ್ಪಾಯ್ತು, ಮೋಸ ಹೋದ್ವಿ ಅನ್ನಬೇಡಿ. ಮಸಿಯನ್ನು ಗೋಡೆಗೆ ಅಂಟಲು ಬಿಡದೆ ತನ್ನಲ್ಲೇ ಹಿಡಿದಿಟ್ಟುಕೊಂಡದ್ದಕ್ಕೆ ಅದು ಕಪ್ಪು.

ವರ್ಷಗಟ್ಟಲೆ ಕಳಪೆ ಆಯಿಲ್ ಕುಡಿದ ಎಂಜಿನ್ನಿಗೆ ಇದು ಬಿದ್ದರೆ ಹಳೇ ಜಿಡ್ಡು ಕಳಚಿ ಫಿಲ್ಟರ್ ಕಟ್ಟಬಹುದು. ಆದ್ದರಿಂದ ಮೊದಲ ಸಲ ಹಾಕಿದ್ದನ್ನು ಅವಧಿಗೆ ಮುಂಚೆಯೇ ಇಳಿಸಿ, ಫಿಲ್ಟರನ್ನೂ ಬದಲಿಸಿ. ನೀಲಿ ಹೊಗೆ ಬರ್ತಿದ್ದರೆ ಆಯಿಲ್ ಉರೀತಿದೆ ಅಂತ ಅರ್ಥ. ರಿಂಗು ಸವೆದಿದ್ದರೆ ಯಾವ ಡಬ್ಬಿಯೂ ಅದನ್ನು ಬೆಳೆಸೋದಿಲ್ಲ, ಅಂಗಡಿಯವನು ಏನೇ ಹೇಳಲಿ.

ಒಂದೊಂದೇ ಲೀಟರ್ ಕೊಳ್ಳೋದಕ್ಕಿಂತ ನಾಲ್ಕು ಜನ ಸೇರಿ ಸೀಲು ಒಡೆಯದ ದೊಡ್ಡ ಕ್ಯಾನ್ ತನ್ನಿ, ಬಿಲ್ ಕೇಳಿ ತಗೊಳ್ಳಿ.