ಹಳೆಯ ಮರಗೆಲಸದ ಯಂತ್ರ ಕೊಳ್ಳುವ ಮುನ್ನ
(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯಿಂದ ಬಂದ ಲೆಕ್ಕದ ಹಣವನ್ನೋ, ಹೋಟೆಲಿನ ಸಂಬಳದಲ್ಲಿ ಉಳಿಸಿದ್ದನ್ನೋ ಕೂಡಿಹಾಕಿ ಸ್ವಂತ ಮರಗೆಲಸ ಆರಂಭಿಸಬೇಕೆಂಬ ಆಸೆ ನಮ್ಮಲ್ಲಿ ಹಲವರಿಗಿದೆ. ಈ ಮುಂಬಯಿಯಲ್ಲಿ 1982ರ ಗಿರಣಿ ಮುಷ್ಕರದ ತರುವಾಯ ಕೆಲಸ ಕಳೆದುಕೊಂಡ ಎಷ್ಟೋ ಮಂದಿ ಕೈಕಸುಬನ್ನೇ ನೆಚ್ಚಿ ಬದುಕಿದರು. ಹೊಸ ಯಂತ್ರಕ್ಕೆ ಹಣ ಸಾಲದು. ಆದುದರಿಂದ ಕಾಲು ಹಳೆಯ ಸಾಮಾನಿನ ಅಂಗಡಿಯತ್ತ ತಿರುಗುತ್ತದೆ. ಗರಗಸ, ಇಲ್ಲಿಯವರು ರಂಧಾ ಎನ್ನುವ ತೋಪಡ, ತೂತು ಕೊರೆಯುವ ಬೈರಿಗೆ, ಈ ಮೂರೂ ಒಂದೇ ಮೈಯಲ್ಲಿರುವ ಯಂತ್ರ ಅಲ್ಲಿ ಹೊಸ ಬಣ್ಣ ಬಳಿದುಕೊಂಡು ನಿಂತಿರುತ್ತದೆ.

ನಾವು ಮೂವರು ಕೂಡಿ ಅಂಥದೊಂದನ್ನು ಕೊಂಡೆವು. ಬಣ್ಣ ನೋಡಿದೆವು, ಮೋಟಾರಿನ ತಗಡು ಓದಲಿಲ್ಲ. ತಂದ ಮೇಲೆ ತಿಳಿಯಿತು, ಮೋಟಾರು ಮೂರು ಫೇಸಿನದು, 415 ವೋಲ್ಟಿನದು; ನಮ್ಮ ಗಾಳೆಯಲ್ಲಿದ್ದುದು ಒಂದೇ ಫೇಸು, 230 ವೋಲ್ಟು. ಬೇರೆ ಮೋಟಾರಿಗೆ ಸಾಲ ಮಾಡಿದೆವು. ಗರಗಸದ ಮುಚ್ಚಳವೂ ಇರಲಿಲ್ಲ. "ಆಮೇಲೆ ಹಾಕಿಸಿದರಾಯಿತು" ಎಂದೆವು. ಹಾಕಿಸುವ ಮೊದಲೇ ನಮ್ಮಲ್ಲೊಬ್ಬರ ಎಡಗೈ ಬೆರಳಿನ ತುದಿ ಹೋಯಿತು. ನಿಮಗೆ ಹಾಗಾಗಬಾರದೆಂದೇ ಈ ಮಾತು.

ಮೊದಲನೆಯದಾಗಿ, ಯಾವುದು ಅಂಗಡಿಯಲ್ಲಿ ಸಿಗುತ್ತದೆ, ಯಾವುದು ಸಿಗದು ಎಂಬುದನ್ನು ಬೇರ್ಪಡಿಸಿ ನೋಡತಕ್ಕದ್ದು. ಬೇರಿಂಗು ಸವೆದಿದ್ದರೆ ಚಿಂತೆಯಿಲ್ಲ. ಅದರ ಮೇಲೆ 6205 ಎಂದಿದ್ದರೆ ಯಾರು ಮಾಡಿದ್ದಾದರೂ ಒಳಗಿನ ತೂತು 25, ಹೊರಗಿನ ಅಳತೆ 52, ದಪ್ಪ 15 ಮಿಲಿಮೀಟರೇ. ಬೆಲ್ಟಿನ ಮೇಲೂ ಅಕ್ಷರ, ಅಂಕಿಗಳಿರುತ್ತವೆ. 'ಎ' ಎಂದರೆ ಮೇಲ್ಭಾಗದ ಅಗಲ 13 ಮಿಲಿಮೀಟರು, 'ಬಿ' ಎಂದರೆ 17. ಆದರೆ ಎರಕದ ಮೇಜು, ಕಾಲು, ಹಲ್ಲುಚಕ್ರ ಒಡೆದಿದ್ದರೆ, ಮಾಡಿದ ಕಾರಖಾನೆಯೇ ಮುಚ್ಚಿದ್ದರೆ, ಬದಲಿ ಎಲ್ಲಿಂದ ತರುವಿರಿ? ಆದುದರಿಂದ ಹೊಸ ಬಣ್ಣದಡಿ ಬೆಸುಗೆಯ ಗುರುತಿದೆಯೇ ಎಂದು ಬೆಳಕು ಹಿಡಿದು ನೋಡಿ. ತಯಾರಕರ ಹೆಸರನ್ನು ಎರಕದಲ್ಲೇ ಹುಡುಕಿ. ಮೊಳೆ ಹೊಡೆದ ತಗಡನ್ನು ಬದಲಾಯಿಸುವುದು ಸುಲಭ.

ಎರಡನೆಯದು, ಕಿವಿಯ ಪರೀಕ್ಷೆ. ವಿದ್ಯುತ್ತಿನ ತಂತಿ ಕಳಚಿ, ಬೆಲ್ಟು ತೆಗೆದು, ಅಲಗಿಗೆ ಬೆರಳು ತಾಗದಂತೆ ರಾಟೆಯನ್ನು ಕೈಯಿಂದ ತಿರುಗಿಸಿ. ರಿಂಗ್ ಫ್ರೇಮಿನ ಸದ್ದಿನಿಂದಲೇ ಕೆಟ್ಟ ಸ್ಪಿಂಡಲು ಹಿಡಿಯುತ್ತಿದ್ದ ಗಿರಣಿಯವರಿಗೆ ನಾವು ಕಲಿಸಬೇಕಾದುದಿಲ್ಲ. ಹಿಟ್ಟಿನ ಗ್ರೈಂಡರಿನ ಬೆಲ್ಟು ಜಾರಿದ ವಾಸನೆ ಬಲ್ಲ ಹೋಟೆಲಿನವರೂ ಕಡಿಮೆಯವರಲ್ಲ. ಗರಗರ ಎಂದರೆ, ಮೇಲೆ ಕೆಳಗೆ ಅಲುಗಿದರೆ, ಅಷ್ಟು ಹಣ ಬೆಲೆಯಲ್ಲಿ ಇಳಿಸಿ ಕೇಳಿ.

ಮೂರನೆಯದು, ವೇಗ. ಮೋಟಾರು ನಿಮಿಷಕ್ಕೆ 1440 ಸುತ್ತು, ಅದರ ರಾಟೆ 6 ಅಂಗುಲ, ಅಲಗಿನ ಉರುಳೆಯ ರಾಟೆ 3 ಅಂಗುಲವಾದರೆ ಉರುಳೆ ಸುಮಾರು 2880 ಸುತ್ತು ತಿರುಗುತ್ತದೆ. ಕೆಲಸ ಬೇಗ ಆಗಲೆಂದು ರಾಟೆ ಬದಲಾಯಿಸಬೇಡಿ. ಗರಗಸದ ಚಕ್ರದ ಮೇಲೆ ಬರೆದ ವೇಗವನ್ನು ಮೀರಿದರೆ ಅದು ಸಿಡಿದೀತು.

ಇನ್ನು ಪಾಲನೆ. ಪ್ರತಿ ಸಂಜೆ ಹೊಟ್ಟು ಗುಡಿಸಿ, ಮೋಟಾರಿನ ಗಾಳಿಯ ಕಿಂಡಿ ಬಿಡಿಸಿ. ಕಾದ ಮೋಟಾರಿನ ಮೇಲೆ ಒಣ ಹೊಟ್ಟು ಕೂತರೆ ಬೆಂಕಿಯ ಭಯವಿದೆ. ಈ ಊರಿನ ಮಳೆಗಾಲದಲ್ಲಿ ಮೇಜು ಬೇಗ ತುಕ್ಕು ಹಿಡಿಯುತ್ತದೆ. ಸೀಮೆಎಣ್ಣೆಯಲ್ಲಿ ಒರಸಿ, ಚೆನ್ನಾಗಿ ಒಣಗಿಸಿ, ಮೇಣ ತಿಕ್ಕಿರಿ. ರಂಧಾದ ಅಲಗುಗಳನ್ನು ಒಟ್ಟಿಗೇ ಮಸೆಯಿಸಿ, ಒಂದೇ ಎತ್ತರಕ್ಕೆ ಕೂರಿಸಿ. ಹಿಂದಿನ ಮೇಜು ಅಲಗಿನ ತುದಿಗೆ ಸರಿಸಮನಾಗಿರಲಿ. ಮೊಂಡ ಅಲಗು ಮರವನ್ನು ಕೊಯ್ಯದೆ ಹಿಂದಕ್ಕೆ ಎಸೆಯುತ್ತದೆ.

ಅಲಗು ಮುಟ್ಟುವ ಮೊದಲು ತಂತಿ ಕಳಚಿ. ಸಡಿಲ ತೋಳಿನ ಅಂಗಿ ಬೇಡ, ಕೈಚೀಲವೂ ಬೇಡ. ಎರಡೂ ಸಿಕ್ಕಿ ಕೈಯನ್ನು ಒಳಗೆಳೆಯುತ್ತವೆ. ಸಣ್ಣ ತುಂಡನ್ನು ಕೋಲಿನಿಂದ ತಳ್ಳಿ. ಗರಗಸಕ್ಕೆ ಮುಚ್ಚಳ, ಅದರ ಹಿಂದೆ ಸೀಳು ಕೂಡದಂತೆ ತಡೆಯುವ ತಗಡು, ಯಂತ್ರಕ್ಕೆ ಅರ್ತಿಂಗು ಇವಿಲ್ಲದೆ ಒಂದು ದಿನವೂ ನಡೆಸಬೇಡಿ.

ಕೊನೆಯದಾಗಿ, ಮುಂಗಡ ಕೊಡುವ ಮುನ್ನ ಸಂಘಕ್ಕೆ ಬಂದು ತಿಳಿಸಿ. ನಮ್ಮಲ್ಲಿ ಫಿಟ್ಟರ್ ಕೆಲಸ ಬಲ್ಲವರಿದ್ದಾರೆ; ಜೊತೆಗೆ ಬಂದು ನೋಡುತ್ತಾರೆ. ಬೇರಿಂಗಿಗೆ ಬದಲಿ ಸಿಗುತ್ತದೆ, ಬೆಲ್ಟಿಗೆ ಸಿಗುತ್ತದೆ. ಬೆರಳಿಗೆ ಸಿಗದು.